ಬಾವಿ ಖಾಲಿ ಐತಂತ

ನಮ್ಮ ಮನೆಯಲ್ಲಿ ನನಗೆ ‘ಏನಂದ್ರಿ ಬಾಯಿ’ ಎಂದು ಹೆಸರು. ಇಟ್ಟವರು ನನ್ನ ಗಂಡ, ಮಕ್ಕಳು ಅದನ್ನು ಮುಂದುವರಿಸಿಕೊಂಡು ಬಂದಿದ್ದಾರೆ. ಕಿರಾಣಿ ಅಂಗಡಿಯವನು ಬೇಳೆ ನಾಳೆ ಬರುತ್ತದೆ ಅಂದರೆ ‘ಏನಂದ್ರಿ?’ ಎನ್ನುತ್ತೇನೆ. ಡಾಕ್ಟರು ಎರಡು ಗುಳಿಗೆ ಅಂದರೆ ಒಮ್ಮೆಗೆ ಎರಡೋ ದಿನಕ್ಕೆ ಎರಡೋ ಎಂದು ಕೇಳಿ, ಅವರು ಹೇಳಿದ್ದನ್ನು ನನ್ನ ಬಾಯಿಂದ ಇನ್ನೊಮ್ಮೆ ಒಪ್ಪಿಸಿ, ಅವರು ಹೂಂ ಅಂದ ಮೇಲೇ ಎದ್ದು ಬರುತ್ತೇನೆ. ಮಗನಿಗೆ ಇದು ಸಾಕಾಗಿ ಒಮ್ಮೆ ಬೆಳಗಾವಿಗೆ ಕರೆದುಕೊಂಡು ಹೋಗಿ ಕಿವಿ ತೋರಿಸಿದ. ಕಿವಿಗೆ ಏನೂ ಆಗಿಲ್ಲ, ಸಣ್ಣ ಹುಡುಗಿಯ ಕಿವಿ ಇದ್ದ ಹಾಗಿವೆ ಎಂದು ಹೇಳಿ ಕಳಿಸಿದರು. ಅವರು ಹೇಳಿದ್ದು ಖರೆ. ನನ್ನ ಕಿವಿಗೆ ಎಲ್ಲ ಕೇಳಿಸುತ್ತದೆ. ಕೇಳಿಸಿದ್ದು ನನಗೆ ತಿಳಿದಿದೆ ಎಂಬ ನಂಬಿಕೆ ಮಾತ್ರ ಇಲ್ಲ. ಅದು ಹೋದದ್ದು ನಾವು ಅಥಣಿ ಬಿಟ್ಟು ನಿಪ್ಪಾಣಿಗೆ ಮನೆ ಹುಡುಕಿಕೊಂಡು ಹೋದ ವರ್ಷ, ನನಗೆ ಹತ್ತು ತುಂಬಿದಾಗ. ಯಾಕೆ ಹೋಯಿತು ಎಂಬುದನ್ನು ನಾನು ಈವರೆಗೆ ಗಂಡನಿಗೂ ಹೇಳಿಲ್ಲ.

ಅಥಣಿಯ ಮನೆ ದೊಡ್ಡದು, ಆದರೆ ಅದರಲ್ಲಿ ಅವ್ವನ ಪಾಲಿಗೆ ಬಂದ ಜಾಗ ಬಹಳ ಸಣ್ಣದು. ಪಡಸಾಲೆ ಅಜ್ಜನದು, ನಡುಮನೆ ದೊಡ್ಡಪ್ಪಂದಿರದು, ಅಡುಗೆಮನೆ ನಮ್ಮ ಆಯಿಯದು. ನಮ್ಮಲ್ಲಿ ಆಯಿ ಅಂದರೆ ಅಪ್ಪನ ತಾಯಿ. ಅವ್ವ ಕಿರಿಯ ಸೊಸೆ. ಹನ್ನೊಂದು ಜನಕ್ಕೆ ರೊಟ್ಟಿ ಬಡಿದು, ಎಲ್ಲರೂ ಉಂಡೆದ್ದ ಮೇಲೆ, ಬುಟ್ಟಿಯ ತಳದಲ್ಲಿ ಉಳಿದ ಸೀದ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ಒಲೆಯ ಮುಂದೆಯೇ ಉಣ್ಣುತ್ತಿದ್ದಳು. ಅದರ ಬಗ್ಗೆ ಅವಳು ಒಂದು ದಿನವೂ ಮಾತಾಡಿದ್ದಿಲ್ಲ. ಅವಳ ತಕರಾರು ಇದ್ದದ್ದು ಹಿತ್ತಲಿನ ಬಾವಿಯ ಮೇಲೆ. ಅವ್ವ ಸಣ್ಣವಳಿದ್ದಾಗ ತವರಿನಲ್ಲಿ ಅವಳ ಬೆನ್ನಿಗೆ ಬಿದ್ದ ತಂಗಿ ಬಾವಿಗೆ ಬಿದ್ದು ಸತ್ತಿದ್ದಳಂತೆ. ಹಾಗಾಗಿ ಹಿತ್ತಲಿನ ಬಾವಿಗೆ ಒಂದು ತಗಡು ಮುಚ್ಚಿ, ತಗಡಿನ ಮೇಲೆ ಒಡೆದ ಬೀಸುಕಲ್ಲು ಹೇರಿ, ಅದು ಸರಿದಿಲ್ಲ ತಾನೇ ಎಂದು ದಿನಕ್ಕೆ ನಾಲ್ಕು ಸಲ ನೋಡಿ ಬರುತ್ತಿದ್ದಳು. ಅಷ್ಟಕ್ಕೂ ಸಮಾಧಾನವಾಗದೆ ನನ್ನ ತಂಗಿ ನೀಲಿ ನಡೆಯಲು ಕಲಿತ ದಿನವೇ ಅವಳ ಎರಡೂ ಕಾಲಿಗೆ ಗೆಜ್ಜೆ ಕಟ್ಟಿದಳು. ರೊಟ್ಟಿ ಬಡಿಯುವಾಗ ಅವ್ವನ ಕೈ ನಡುವೆ ನಿಂತಿತು ಅಂದರೆ ಗೆಜ್ಜೆಯ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕೇಳುತ್ತಿದ್ದಾಳೆ ಎಂದು ಅರ್ಥ. ಆಯಿ ನಗುತ್ತಿದ್ದಳು.

“ಏನ್ ಬೇ, ಮಗಳನ್ನ ಸಾಕಾಕತ್ತೀಯೋ, ಆಕಳ ಕರಾ ಸಾಕಾಕತ್ತೀಯೋ?”

ಅಪ್ಪ ಬಸ್ಸಿನ ಕಂಡಕ್ಟರ್. ಅವನು ಮನೆಗೆ ತರುತ್ತಿದ್ದ ಸುದ್ದಿಯೆಲ್ಲ ಬಸ್ಸಿನ ಲೆಕ್ಕದಲ್ಲೇ ಇರುತ್ತಿತ್ತು. ಮಂದಿ ಹತ್ತಿದ್ದರೆ ‘ಇವತ್ತ ಫುಲ್ ಬಸ್’, ಹತ್ತದಿದ್ದರೆ ‘ಖಾಲಿ ಬಸ್’. ಪಡಸಾಲೆಗೆ ಕಾಲಿಡುತ್ತಲೇ ಟೋಪಿ ತೆಗೆದು ಇವೆರಡರಲ್ಲಿ ಒಂದು ಹೇಳಿದರೆ ಅವನ ಆ ದಿನದ ಸುಖದುಃಖ ನಮಗೆ ತಿಳಿಯುತ್ತಿತ್ತು. ಅವನಿಗೆ ನಿಪ್ಪಾಣಿ ಡಿಪೋಕ್ಕೆ ವರ್ಗ ಆದಾಗ ಮನೆಯಲ್ಲಿ ಒಂದು ವಾರ ಚರ್ಚೆ ನಡೆಯಿತು. ಅಜ್ಜನ ಪ್ರಕಾರ ಸಾಲಿ ಹತ್ತಿರ ಇರಬೇಕು. ಆಯಿಯ ಪ್ರಕಾರ ಓಣಿಯಲ್ಲಿ ನಮ್ಮಂಥ ಮಂದಿ ಇರಬೇಕು, ಮನೆಯ ಮುಂದೆ ತುಳಸಿ ಇಡಲು ಕಟ್ಟೆ ಇರಬೇಕು. ಅಪ್ಪನಿಗೆ ಡಿಪೋಕ್ಕೆ ಸೈಕಲ್ ಮೇಲೆ ಹೋಗುವಷ್ಟು ದೂರವಿದ್ದರೆ ಸಾಕಾಗಿತ್ತು. ಅವ್ವನನ್ನು ಯಾರೂ ಕೇಳಲಿಲ್ಲ. ಮನೆ ನೋಡಲು ಹೊರಟ ದಿನ ಬಸ್ಸಿನಲ್ಲಿ ಕೂತ ಮೇಲೆ ಅಪ್ಪನಿಗೆ ಅವಳೇ ಹೇಳಿದಳು.

“ನಂದೂ ಒಂದ ಮಾತೈತಿ. ನಳ ಇರೂ ಮನಿ ನೋಡ್ರಿ. ಅಕ್ಕಪಕ್ಕ ಬಾವಿ ಇರಬಾರದು. ಮತ್ತೇನೂ ಬ್ಯಾಡ ನನಗ.”

ಡಿಪೋದವರು ಹೇಳಿದ ಎರಡು ಮನೆ ಅಪ್ಪ ತೋರಿಸಿದ. ಮೊದಲನೆಯದು ಪೇಟೆಯಲ್ಲಿ, ತಂಬಾಕಿನ ಗೋದಾಮಿನ ಬೆನ್ನಿಗೆ. ಬಾಗಿಲು ತೆಗೆದ ಕೂಡಲೇ ಘಾಟು ಮೂಗಿಗೆ ಹೊಡೆದು ನಾವು ನಾಲ್ವರೂ ಸಾಲಾಗಿ ಸೀನಿದೆವು. ಎದುರಿಗೆ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಹೆಂಗಸರು ನಮ್ಮನ್ನು ನೋಡಿ ಕೈ ನಿಲ್ಲಿಸದೆ ನಕ್ಕರು. ಎರಡನೆಯದು ಬಟ್ಟೆ ಅಂಗಡಿಯ ಮೇಲಿನ ಅಟ್ಟ. ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಟಾಂಜನ ಇರಲಿಲ್ಲ. ಅವ್ವ ನೀಲಿಯನ್ನು ಎತ್ತಿಕೊಂಡು ಅರ್ಧ ಹತ್ತಿದವಳು ಹಾಗೇ ಹಿಂದಕ್ಕೆ ಇಳಿದಳು. ಅಪ್ಪನಿಗೆ ಡ್ಯೂಟಿಯ ಹೊತ್ತಾಗಿತ್ತು. ಮುಂದಿನ ವಾರ ಬೇರೆ ನೋಡೋಣ, ಈಗ ಸ್ಟ್ಯಾಂಡಿನಲ್ಲಿ ಕೂತಿರಿ ಎಂದು ಹೇಳಿ ಹೊರಟುಹೋದ. ನಾವು ಸ್ಟ್ಯಾಂಡಿಗೆ ಹೋಗಲಿಲ್ಲ. ಅವ್ವನಿಗೆ ಅಂದು ಏನಾಗಿತ್ತೋ, ಅಥಣಿಯಲ್ಲಿ ಒಬ್ಬಳೇ ಓಣಿ ದಾಟದವಳು, ನಮ್ಮಿಬ್ಬರ ಕೈ ಹಿಡಿದು ಊರಿನ ಹೊರಗೆ ಏರು ದಾರಿಯಲ್ಲಿ ನಡೆಯತೊಡಗಿದಳು. ಅಲ್ಲಿ ಗುಡ್ಡದ ಇಳಿಜಾರಿನಲ್ಲಿ ಹೊಸದಾಗಿ ಪ್ಲಾಟು ಹಾಕಿ ಸಾಲುಮನೆ ಕಟ್ಟಿದ್ದರು. ಅಗಲ ರಸ್ತೆ, ಸುಣ್ಣದ ಗೋಡೆ, ಪ್ರತಿ ಮನೆಯ ಮುಂದೆ ಒಂದು ನಳ. ರಸ್ತೆಯ ತುಂಬ ಹುಡುಗರು. ಒಂದು ಮನೆಯ ಹೆಂಗಸು ಇನ್ನೊಂದು ಮನೆಯ ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು. ಅವ್ವ ನಡುರಸ್ತೆಯಲ್ಲಿ ನಿಂತುಬಿಟ್ಟಳು. ಆಗ ಅವಳಿಗೆ ಇಪ್ಪತ್ತೇಳು ವರ್ಷ. ತನಗೆ ಏನಾದರೂ ಬೇಕು ಎಂದು ಅವಳ ಮುಖದಲ್ಲಿ ನಾನು ಕಂಡದ್ದು ಅದೇ ಮೊದಲು.

ಸಾಲಿನ ಕೊನೆಗೆ ಒಂದು ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಅವಳು ಅಕ್ಕಾತಾಯಿ, ಎರಡೂ ಮನೆಯ ಒಡತಿ. ಅವಳಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಅವ್ವನಿಗೆ ಮರಾಠಿ ಬರುತ್ತಿರಲಿಲ್ಲ. ಅವಳು ಹುಟ್ಟಿದ್ದು ಅಥಣಿಯಿಂದ ಮೂಡಲಿಗೆ, ಬರೀ ಕನ್ನಡದ ಹಳ್ಳಿಯಲ್ಲಿ. ನನಗೆ ಬರುತ್ತಿತ್ತು. ಅಂದರೆ ಬರುತ್ತದೆ ಎಂದು ನಾನು ಡಂಗುರ ಸಾರಿಕೊಂಡಿದ್ದೆ. ಅಥಣಿಯಲ್ಲಿ ನಮ್ಮ ಮನೆಯ ಹಿಂದೆ ಮರಾಠಿ ಮಾತಾಡುವ ಒಬ್ಬ ಸಿಂಪಿಗನ ಹೆಂಡತಿ ಇದ್ದಳು. ಅವಳ ಹತ್ತಿರ ಗುಂಡಿ ಆರಿಸುತ್ತ ನೂರರವರೆಗೆ ಎಣಿಸಲು, ಬಾ ಹೋಗು ಕೊಡು ಅನ್ನಲು ಕಲಿತಿದ್ದೆ. ನಮ್ಮ ಆಯಿ ಬೇರೆ, ಮರಾಠಿಯವರ ಆಯಿ ಅಂದರೆ ತಾಯಿ ಎಂಬುದು ನನಗೆ ಗೊತ್ತಿತ್ತು. ಮನೆಗೆ ಬಂದವರಿಗೆಲ್ಲ ಅದನ್ನು ಹೇಳಿ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ಹಾಗಾಗಿ ಅಂದು ಅವ್ವ ಮತ್ತು ಅಕ್ಕಾತಾಯಿಯ ನಡುವೆ ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತೆ. ಬಾಗಿಲು ತೆಗೆಸಿದೆ. ಎರಡು ಕೋಣೆ, ಅಡುಗೆಮನೆಯಲ್ಲಿ ಬೆಳಕಿಗೆ ಕಿಟಕಿ, ಮುಂದೆ ತುಳಸಿಗೆ ಕಟ್ಟೆ. ಎಲ್ಲ ನೋಡಿ ಆದ ಮೇಲೆ ಅವ್ವ ಸೆರಗಿನ ಚುಂಗು ಹಿಡಿದು ಕೇಳಿದಳು.

“ಕಸ್ತೂರಿ, ಸುತ್ತಮುತ್ತ ಬಾವಿ ಐತೇನ ಕೇಳು. ಚೊಲೋತಂಗ ಕೇಳು.”

ನಾನು ಚೆನ್ನಾಗಿಯೇ ಕೇಳಿದೆ.

“ಇಥಂ ವಿಹೀರ ಹಾಯ ಕಾ?”

ಮುದುಕಿ ಮೆಂತ್ಯದ ಕಡ್ಡಿ ಹಿಡಿದ ಕೈಯನ್ನೇ ಅತ್ತ ಬೀಸಿದಳು.

“ವಿಹೀರ ಖಾಲಿ ಹಾಯ.”

ಅದರಲ್ಲಿ ತಿಳಿಯದ್ದು ಏನಿತ್ತು. ಖಾಲಿ ಅನ್ನುವುದು ನಮ್ಮದೇ ಮಾತು, ಖಾಲಿ ಡಬ್ಬಿ, ಖಾಲಿ ಕೊಡ, ಅಪ್ಪನ ಖಾಲಿ ಬಸ್. ಅವಳು ಕೈ ಬೀಸಿದ್ದು ಕೂಡ, ಅಲ್ಲೇನೂ ಇಲ್ಲ ಬಿಡು ಎಂದು ನಾವು ಬೀಸುವ ಹಾಗೆಯೇ ಇತ್ತು. ನಾನು ಅವ್ವನ ಕಡೆ ತಿರುಗಿ, ದೊಡ್ಡ ಮನುಷ್ಯರ ಗತ್ತಿನಿಂದ ಹೇಳಿದೆ.

“ಬಾವಿ ಖಾಲಿ ಐತಂತ ಅವ್ವಾ.”

ಅವ್ವ ಉಸಿರು ಬಿಟ್ಟಳು. ನೀರಿಲ್ಲದ ಬಾವಿ, ನಳ ಬಂದ ಮೇಲೆ ಬತ್ತಿ ಹಾಳು ಬಿದ್ದಿದೆ ಎಂದು ಅವಳು ತಿಳಿದುಕೊಂಡಳು. ನಾನೂ ಅಷ್ಟೇ ತಿಳಿದಿದ್ದೆ. ಅಲ್ಲೇ ಕಟ್ಟೆಯ ಮೇಲೆ ಕೂತು ಅಕ್ಕಾತಾಯಿ ಕೊಟ್ಟ ಚಹಾ ಕುಡಿದು, ಎದ್ದು ಬರುವಾಗ ಅವ್ವ ಆ ಮನೆಯ ಹೊಸ್ತಿಲನ್ನು ಎರಡು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅಥಣಿಗೆ ಹೋದ ಮೇಲೆ ಎಲ್ಲರ ಮುಂದೆ, ಆಯಿಯ ಮುಂದೆಯೂ, ನನ್ನ ತಲೆಯ ಮೇಲೆ ಕೈ ಇಟ್ಟು ಹೇಳಿದಳು.

“ಈಕಿ ಇದ್ಲು ಅಂತ ಮನಿ ಸಿಕ್ತು.”

ಆ ಮನೆಯಲ್ಲಿ ನಾವು ಇದ್ದದ್ದು ಒಂದು ತಿಂಗಳಿಗೆ ಸ್ವಲ್ಪ ಹೆಚ್ಚು. ಅದರ ಮೊದಲ ದಿನಗಳಷ್ಟು ಸುಖದ ದಿನಗಳನ್ನು ನಾನು ಮತ್ತೆ ಕಂಡಿಲ್ಲ. ಅವ್ವ ಹಸಿವಾದಾಗ ಉಣ್ಣುತ್ತಿದ್ದಳು. ಬಿಸಿರೊಟ್ಟಿಯನ್ನು ಹೆಂಚಿನಿಂದ ತೆಗೆದು, ಬೆಣ್ಣೆ ಇಟ್ಟು, ಮೊದಲ ತುತ್ತು ತಾನೇ ತಿಂದು, ಕಳ್ಳತನ ಮಾಡಿದವಳ ಹಾಗೆ ನಮ್ಮನ್ನು ನೋಡಿ ನಗುತ್ತಿದ್ದಳು. ಉಪ್ಪು ಜಾಸ್ತಿ ಆಯಿತು ಎಂದು ಬೈಯುವವರಿರಲಿಲ್ಲ. ಮುಂದಿನ ಜಾಗದಲ್ಲಿ ಚೆಂಡುಹೂವಿನ ಸಸಿ ನೆಟ್ಟು ಅದಕ್ಕೆ ನೀರು ಹಾಕುವ ಕೆಲಸ ನೀಲಿಗೆ ಕೊಟ್ಟಳು. ನಾಲ್ಕೂವರೆ ವರ್ಷದ ಹುಡುಗಿ, ತನಗೆಂದೇ ಕೊಟ್ಟ ಸಣ್ಣ ಅಲ್ಯೂಮಿನಿಯಂ ತಂಬಿಗೆಯನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡು ಮಲಗುತ್ತಿದ್ದಳು. ನಳ ಬರುವುದು ಬೆಳಿಗ್ಗೆ ಒಂದು ತಾಸು. ಮಧ್ಯಾಹ್ನ ಗಿಡ ಬಾಡಿದಂತೆ ಕಂಡರೆ ಹಂಡೆಯ ನೀರು ಕೇಳಿ ಅವ್ವನ ಜೀವ ತಿನ್ನುತ್ತಿದ್ದಳು. ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಗೆಜ್ಜೆ ಚುಚ್ಚುತ್ತವೆ ಎಂದು ನೀಲಿ ಅತ್ತಳು. ಅಥಣಿಯಲ್ಲಿ ಹೀಗೆ ಎಷ್ಟು ಅತ್ತರೂ ಅವ್ವ ಕರಗಿದವಳಲ್ಲ. ಅಂದು ನೀಲಿಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಗೆಜ್ಜೆ ಬಿಚ್ಚಿ ಅಕ್ಕಿಯ ಡಬ್ಬಿಯಲ್ಲಿ ಹಾಕಿದಳು.

“ಇಲ್ಲೇನೈತಿ ಅಂಜಾಕ. ಆಡ ಹೋಗು.”

ಓಣಿಯ ಹುಡುಗಿಯರು ನನ್ನನ್ನೂ ಆಟಕ್ಕೆ ಸೇರಿಸಿಕೊಂಡರು. ಕುಂಟುತ್ತ ಮುಟ್ಟುವ ಆಟ. ಔಟಾದವರು ಗೆರೆಯ ಹೊರಗೆ ನೆಲದ ಮೇಲೆ ಕೂಡಬೇಕು. ನಾನು ಔಟಾದೆ, ಆದರೂ ನಿಂತೇ ಇದ್ದೆ. ಮಾಲನ್ ಎಂಬ ಹುಡುಗಿ ಕೂಗಿದಳು.

“ಏ, ಖಾಲಿ ಬಸ್.”

ಕಂಡಕ್ಟರನ ಮಗಳು ನಾನು. ರಸ್ತೆಯ ಕಡೆ ತಿರುಗಿ ಬಸ್ಸು ಎಲ್ಲಿ ಎಂದು ನೋಡಿದೆ. ಅವಳು ಇನ್ನೂ ಜೋರಾಗಿ ‘ಖಾಲಿ ಬಸ್, ಖಾಲಿ ಬಸ್’ ಅಂದಳು. ಬಸ್ಸೇ ಇಲ್ಲವಲ್ಲ ಎಂದು ನಾನು ಕನ್ನಡದಲ್ಲಿ ಹೇಳಿ ರಸ್ತೆಗೆ ಕೈ ತೋರಿಸಿದೆ. ಒಬ್ಬಳಿಗೆ ಅದು ತಿಳಿಯಿತು, ಉಳಿದವರಿಗೆ ಹೇಳಿದಳು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಟ್ಟೆಯ ಮೇಲಿದ್ದ ಅಕ್ಕಾತಾಯಿಯೂ ಬೊಚ್ಚುಬಾಯಿ ತೆರೆದು ನಕ್ಕಳು. ಆಮೇಲೆ ಪಾಪ ಅನ್ನಿಸಿರಬೇಕು, ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡು ಕಲಿಸಿದಳು. ಬೆರಳು ಎತ್ತಿ ಆಕಾಶ ತೋರಿಸಿ ‘ವರ’ ಅಂದಳು. ಅಂಗೈಯಿಂದ ನೆಲ ಬಡಿದು ‘ಖಾಲಿ’ ಅಂದಳು. ಮರಾಠಿಯಲ್ಲಿ ಖಾಲಿ ಅಂದರೆ ಕೆಳಗೆ. ಖಾಲಿ ಬಸ್ ಅಂದರೆ ಕೆಳಗೆ ಕೂಡು. ನಾನೂ ನಕ್ಕೆ. ನಗುತ್ತಿರುವಾಗಲೇ ಅವಳು ಅಂದು ಮೆಂತ್ಯದ ಕಡ್ಡಿ ಹಿಡಿದು ಬೀಸಿದ ಕೈ ನೆನಪಾಯಿತು. ಆ ಕೈ ಬೀಸಿದ್ದು ಇಳಿಜಾರಿನ ಕಡೆಗೆ.

ಯಾರಿಗೂ ಹೇಳದೆ ಮನೆಗಳ ಹಿಂದೆ ಹೋದೆ. ಕತ್ತಾಳೆಯ ಬೇಲಿಯಲ್ಲಿ ಒಂದು ಸಂದು. ಅದರಾಚೆ ಯಾರದೋ ತಂಬಾಕಿನ ಹೊಲ, ಹೊಲದ ಅಂಚಿಗೆ ಬಾವಿ. ನಮ್ಮ ಹಿತ್ತಲಿನದಕ್ಕಿಂತ ನಾಲ್ಕು ಪಟ್ಟು ದೊಡ್ಡದು, ಕಟ್ಟೆ ಇಲ್ಲ, ಒಂದು ಬದಿಗೆ ಕಲ್ಲಿನ ಮೆಟ್ಟಿಲು. ನೀರು ಮೇಲಿನ ಮೂರನೆಯ ಮೆಟ್ಟಿಲಿನವರೆಗೆ ಬಂದಿತ್ತು. ಎಷ್ಟು ಹೊತ್ತು ನೋಡಿದೆನೋ. ತಿರುಗಿದರೆ ಕತ್ತಾಳೆಯ ಸಂದಿಯಲ್ಲಿ ನೀಲಿ ನಿಂತಿದ್ದಾಳೆ. ಅವಳು ನನ್ನ ಹಿಂದೆ ಬಂದದ್ದು ನನಗೆ ಕೇಳಿಸಿರಲಿಲ್ಲ. ಕಾಲಲ್ಲಿ ಗೆಜ್ಜೆ ಇರಲಿಲ್ಲ.

“ಅಕ್ಕಾ, ಎಷ್ಟ್ ನೀರ,” ಅಂದಳು.

“ಇಲ್ಲಿ ಬರಬಾರದು. ಅವ್ವಗ ಹೇಳಬ್ಯಾಡ ಮತ್ತ.”

ಈ ಎರಡನೆಯ ಮಾತನ್ನು ನಾನು ಯಾಕೆ ಆಡಿದೆ ಎಂದು ನಾನು ಜೀವಮಾನವೆಲ್ಲ ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಕಷ್ಟದ್ದೇನಲ್ಲ, ನನಗೆ ಗೊತ್ತಿದೆ. ಅವ್ವನಿಗೆ ಹೇಳಿದರೆ ಅವಳು ಅಂದೇ ಗಂಟುಮೂಟೆ ಕಟ್ಟುತ್ತಿದ್ದಳು. ಕಿಟಕಿ, ಚೆಂಡುಹೂವು, ಬೆಣ್ಣೆಯ ರೊಟ್ಟಿ ಎಲ್ಲ ಹೋಗುತ್ತಿದ್ದವು. ಅದು ಒಂದು ಕಾರಣ, ಹೇಳಿಕೊಳ್ಳಲು ಚಂದದ ಕಾರಣ. ಇನ್ನೊಂದು, ಮರಾಠಿ ಬರುತ್ತದೆ ಎಂದು ಮೆರೆದವಳಿಗೆ ಮರಾಠಿ ಬರುವುದಿಲ್ಲ ಎಂದು ಅಥಣಿಗೆ ಗೊತ್ತಾಗುತ್ತಿತ್ತು, ಆಯಿ ನಗುತ್ತಿದ್ದಳು. ಈ ಎರಡನೆಯದೇ ದೊಡ್ಡದಾಗಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ಆದ ಮೇಲೆ ರವಿವಾರ ಅಪ್ಪ ಇದ್ದಾಗ ಅಂದುಕೊಂಡೆ. ನೀಲಿ ಮಾತ್ರ ಕೊಟ್ಟ ಮಾತಿಗೆ ತಪ್ಪಲಿಲ್ಲ. ಅವಳು ಯಾರಿಗೂ ಹೇಳಲಿಲ್ಲ.

ಎಂಟು ದಿನದ ಮೇಲೆ ನಾನು ಸಾಲಿಯಿಂದ ಬಂದಾಗ ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಕ್ಕಾತಾಯಿಯ ಕಟ್ಟೆಯ ಮೇಲೆ ಅರ್ಧ ಬಿಡಿಸಿದ ಸೊಪ್ಪು ಬಿದ್ದಿತ್ತು. ಮನೆಗಳ ಹಿಂದಿನಿಂದ ಮಂದಿಯ ಸದ್ದು. ನಾನು ಓಡಲಿಲ್ಲ, ನಡೆದುಕೊಂಡೇ ಹೋದೆ, ಹೋಗುವುದು ತಡವಾದಷ್ಟು ಒಳ್ಳೆಯದು ಅನ್ನಿಸಿತ್ತು. ಮಂದಿಯೆಲ್ಲ ಹೊಲದ ಅಂಚಿನಲ್ಲಿದ್ದರು. ಅವ್ವ ಮಾತ್ರ ಕತ್ತಾಳೆಯ ಈಚೆಗೆ ನಿಂತಿದ್ದಳು. ಅವಳ ಕೈಯಲ್ಲಿ ನೀಲಿಯ ತಂಬಿಗೆ ಇತ್ತು, ಮೆಟ್ಟಿಲ ಮೇಲಿಂದ ಯಾರೋ ತಂದು ಕೊಟ್ಟಿದ್ದರು. ಅವ್ವ ಅಳುತ್ತಿರಲಿಲ್ಲ. ಹತ್ತಿರ ಬಂದವರಿಗೆಲ್ಲ ತಂಬಿಗೆ ತೋರಿಸಿ ಒಂದೇ ಮಾತು ಹೇಳುತ್ತಿದ್ದಳು.

“ಖಾಲಿ ಅಂದಿದ್ರಿ. ಬಾವಿ ಖಾಲಿ ಅಂದಿದ್ರಲ್ರಿ.”

ಅವರಿಗೆ ಕನ್ನಡ ತಿಳಿಯುತ್ತಿರಲಿಲ್ಲ. ಅವಳ ಮಾತಿನಲ್ಲಿ ಅವರಿಗೆ ತಿಳಿದದ್ದು ಒಂದೇ ಪದ. ಒಬ್ಬಳು ಅವಳ ಭುಜ ಹಿಡಿದುಕೊಂಡು, ಕಣ್ಣೊರೆಸಿಕೊಳ್ಳುತ್ತ, ಬಾವಿಯ ಕಡೆ ಕೈ ಮಾಡಿ ಹೇಳಿದಳು.

“ಹೋ ಬಾಈ, ಖಾಲಿ. ಖಾಲೀಚ.”

ಹೌದಮ್ಮ, ಕೆಳಗೆ, ಕೆಳಗೇ. ಅವ್ವ ಮತ್ತೆ ಖಾಲಿ ಅಂದಳು, ಅವರು ಮತ್ತೆ ಹೌದು ಅಂದರು. ಅಲ್ಲಿ ಕೂಡಿದ್ದ ಅಷ್ಟು ಮಂದಿಯಲ್ಲಿ ಎರಡೂ ಕಡೆಯ ಮಾತು ತಿಳಿದವಳು ನಾನೊಬ್ಬಳೇ. ಮಂದಿಯ ಹಿಂದೆ ಸರಿದು ನಿಂತೆ.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಓಣಿಯವರು ಒಬ್ಬರಾದ ಮೇಲೆ ಒಬ್ಬರು ಅನ್ನ, ರೊಟ್ಟಿ ತಂದು ಕೊಟ್ಟರು. ಅಕ್ಕಾತಾಯಿ ತಂದ ತಾಟನ್ನು ಅವ್ವ ಎತ್ತಿ ಹೊಸ್ತಿಲಿನ ಹೊರಗಿಟ್ಟಳು. ಮುದುಕಿ ಅದನ್ನು ಒಳಗಿಟ್ಟಳು. ಅವ್ವ ಮತ್ತೆ ಹೊರಗಿಟ್ಟು, ಈ ಸಲ ಅವಳ ಮುಖ ನೋಡಿ ಹೇಳಿದಳು.

“ಸುಳ್ಳ ಹೇಳಿ ನನ್ನ ಕೂಸಿನ್ನ ತಿಂದ್ಯಲ್ಲ. ನಿನ್ನ ಮನಿ ಹಾಳಾಗ್ಲಿ.”

ಅಕ್ಕಾತಾಯಿಗೆ ಸಿಟ್ಟು ತಿಳಿಯಿತು, ಮಾತು ತಿಳಿಯಲಿಲ್ಲ. ನನ್ನ ಕಡೆ ತಿರುಗಿದಳು.

“ಕಾಯ ಮ್ಹಣತೀಯ ತುಝಿ ಆಯಿ?”

ಏನನ್ನುತ್ತಿದ್ದಾಳೆ ನಿನ್ನ ತಾಯಿ ಎಂದು. ನಾನು ಹೇಳಿದೆ.

“ರಡತೀಯ.”

ಅಳುತ್ತಿದ್ದಾಳೆ ಅಷ್ಟೇ ಎಂದೆ. ಮುದುಕಿ ತಲೆಯಾಡಿಸಿ, ತಾಟು ಎತ್ತಿಕೊಂಡು, ಕಟ್ಟೆ ಇಳಿದು ಹೋದಳು. ಮರುದಿನ ಮತ್ತೆ ತಂದಳು. ಹಾಗೆ ಹನ್ನೊಂದು ದಿನವೂ ತಂದಳು, ಹನ್ನೊಂದು ದಿನವೂ ಅವ್ವ ತಾಟನ್ನು ಹೊರಗಿಟ್ಟಳು. ನನಗೆ ಹಸಿವಾಗುತ್ತಿತ್ತು, ಹಸಿವಾಗುತ್ತದೆ ಎಂದು ನಾಚಿಕೆಯಾಗುತ್ತಿತ್ತು. ಒಂದು ಸಂಜೆ ಅಪ್ಪ ನನ್ನನ್ನು ಹೊರಗೆ ಕರೆದ. ಅವನು ಮೂರು ನಾಲ್ಕು ವಾರ ಮರಾಠಿ ಮಂದಿಯ ಬಸ್ಸಿನಲ್ಲಿ ಟಿಕೆಟ್ಟು ಹರಿದಿದ್ದವನು. ಬಾಡಿದ ಚೆಂಡುಹೂವಿನ ಸಸಿಗಳ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕೇಳಿದ.

“ಆ ಮುದುಕಿ ಏನಂದಿದ್ಲು? ಆಕಿ ಮರಾಠ್ಯಾಗ ಹೆಂಗ ಅಂದಿದ್ಲೋ ಹಂಗ ಹೇಳು.”

ಇದು ನನಗೆ ಸಿಕ್ಕ ಕೊನೆಯ ಅವಕಾಶವಾಗಿತ್ತು. ಅಷ್ಟರಲ್ಲಿ ನನ್ನ ಮರಾಠಿ ಸುಧಾರಿಸಿತ್ತು. ಬರಿದಾದದ್ದಕ್ಕೆ ಅವರು ರಿಕಾಮಿ ಅನ್ನುತ್ತಾರೆ ಎಂದು ಕಲಿತಿದ್ದೆ.

“ವಿಹೀರ ರಿಕಾಮಿ ಹಾಯ ಅಂದ್ಲು,” ಎಂದೆ.

ಮೊದಲನೆಯದು ತಿಳಿಯದೆ ಮಾಡಿದ ತಪ್ಪು. ಇದು ತಿಳಿದು ಮಾಡಿದ್ದು. ಮೆಂತ್ಯ ಬಿಡಿಸುತ್ತ ಇದ್ದದ್ದನ್ನು ಇದ್ದ ಹಾಗೆ ಹೇಳಿದ ಒಬ್ಬ ಮುದುಕಿಯನ್ನು, ಅವಳದೇ ಭಾಷೆಯ ಒಳ್ಳೆಯ ಶಬ್ದವೊಂದನ್ನು ಆರಿಸಿ ತಂದು, ಸುಳ್ಳುಗಾತಿ ಮಾಡಿದೆ. ಅಪ್ಪ ನನ್ನ ಮುಖ ನೋಡಿದ. ಅವನು ಜಗಳದ ಮನುಷ್ಯನಲ್ಲ. ಎದ್ದು ಪ್ಯಾಂಟಿನ ಮಣ್ಣು ಝಾಡಿಸಿಕೊಂಡು ಒಳಗೆ ಹೋದ.

ಬಾಡಿಗೆಯ ತಿಂಗಳು ಮುಗಿದ ಮೇಲೆ ನಾವು ಆ ಮನೆ ಬಿಟ್ಟು ಪೇಟೆಗೆ, ಮೊದಲು ಸೀನಿ ಬಿಟ್ಟು ಬಂದಿದ್ದ ಗೋದಾಮಿನ ಬೆನ್ನಿನ ಮನೆಗೆ ಹೋದೆವು. ಕತ್ತಲ ಮನೆ, ಕಿಟಕಿ ಇಲ್ಲ, ಆದರೆ ನಾಲ್ಕು ದಿಕ್ಕಿಗೂ ಗೋಡೆಯೇ. ಘಾಟು ವಾರದಲ್ಲಿ ರೂಢಿಯಾಯಿತು. ಅವ್ವ ಮತ್ತೆ ನಾವೆಲ್ಲ ಉಂಡ ಮೇಲೆ ಉಣ್ಣತೊಡಗಿದಳು. ಮಧ್ಯಾಹ್ನ ಬೀಡಿಯ ಹೆಂಗಸರ ಕಟ್ಟೆಗೆ ಹೋಗಿ ಎಲೆ ಕತ್ತರಿಸಿಕೊಡುತ್ತ ಕೂಡುತ್ತಿದ್ದಳು. ಅವರು ಮರಾಠಿಯಲ್ಲಿ ಮಾತಾಡುತ್ತಿದ್ದರು, ಅವಳು ಕೇಳಿಸಿಕೊಳ್ಳುತ್ತಿದ್ದಳು. ಅಕ್ಕಾತಾಯಿಯ ಹೆಸರು ಬಂದರೆ ಸಾಕು, ಸುಳ್ಳುಗಾತಿ ಎಂದು ಶಾಪ ಹಾಕುತ್ತಿದ್ದಳು. ಅವಳು ಶಾಪ ಹಾಕಿದಾಗೆಲ್ಲ ನಾನು ಏನಾದರೂ ನೆವ ಮಾಡಿ ಹೊರಗೆ ಹೋಗುತ್ತಿದ್ದೆ. ಎರಡು ವರ್ಷದ ಮೇಲೆ ಸಂಕ್ರಾಂತಿಯ ದಿನ ಅವ್ವ ಕುಸುರೆಳ್ಳಿನ ಡಬ್ಬಿ ತೆಗೆದುಕೊಂಡು, ನನ್ನನ್ನೂ ಕರೆದುಕೊಂಡು, ಏನೂ ಹೇಳದೆ ಆ ಏರು ದಾರಿ ಹಿಡಿದಳು. ಅಕ್ಕಾತಾಯಿಗೆ ಕಣ್ಣು ಮಂದವಾಗಿತ್ತು. ಅವ್ವ ಅವಳ ಕೈಯಲ್ಲಿ ಎಳ್ಳು ಹಾಕಿ, ಬಗ್ಗಿ ಕಾಲಿಗೆ ಹಣೆ ಮುಟ್ಟಿಸಿ, ಎಷ್ಟು ಹೊತ್ತಾದರೂ ಏಳಲಿಲ್ಲ. ಮುದುಕಿ ಅವಳ ಬೆನ್ನು ಸವರುತ್ತ ಕೂತಳು. ಅಂದಿನಿಂದ ಅವ್ವನ ಬಾಯಲ್ಲಿ ಆ ಶಾಪ ಕೇಳಲಿಲ್ಲ. ಕಾಲ ಕಳೆದು ದುಃಖ ಮೆತ್ತಗಾಗಿದೆ ಎಂದು ನಾನು ತಿಳಿದೆ. ಖಾಲಿ ಎಂಬ ಶಬ್ದವನ್ನೂ ಅವಳು ಬಿಟ್ಟಳು. ಡಬ್ಬಿ ಬರಿದಾಗೈತಿ, ಕೊಡ ಬರಿದಾಗೈತಿ ಅನ್ನುತ್ತಿದ್ದಳು. ನೀ ಮಾಡಿದ್ದು ಎಂದು ನನಗೆ ಒಂದು ದಿನವೂ ಅನ್ನಲಿಲ್ಲ. ಗೊತ್ತಿದ್ದರೆ ತಾನೇ ಅನ್ನುವುದು ಎಂದು ನಾನು ಧೈರ್ಯ ತಂದುಕೊಂಡೆ.

ನನ್ನ ಮದುವೆಯಾದ ವರ್ಷ ಹರಕೆ ತೀರಿಸಲು ಅವ್ವ ಮತ್ತು ನಾನು ಮಂಗಸೂಳಿಯ ಮಲ್ಲಯ್ಯನಿಗೆ ಹೋಗಿದ್ದೆವು. ತಿರುಗಿ ಬರುವಾಗ ಕಾಗವಾಡದ ಸ್ಟ್ಯಾಂಡಿನಲ್ಲಿ ನಿಪ್ಪಾಣಿಯ ಬಸ್ಸಿಗೆ ಕಾಯುತ್ತಿದ್ದೆವು. ಅವ್ವ ಕಲ್ಲಿನ ಬೆಂಚಿನ ಮೇಲೆ, ಪಕ್ಕದಲ್ಲಿ ಮಲ್ಲಯ್ಯನ ಬಂಡಾರದ, ಅಂದರೆ ಅರಿಶಿನದ, ಚೀಲ. ನಾನು ಬಸ್ಸು ನೋಡುತ್ತ ಸ್ವಲ್ಪ ದೂರ ನಿಂತಿದ್ದೆ. ಯಾರದೋ ನಾಲ್ಕೈದು ವರ್ಷದ ಹುಡುಗಿ, ಮರಾಠಿಯವರದು, ಬೆಂಚಿನ ಮೇಲೆ ಹತ್ತಿ ಒಂಟಿಗಾಲಲ್ಲಿ ಕುಣಿಯುತ್ತಿತ್ತು. ಅದರ ತಾಯಿ ಹಣ್ಣಿನ ಬುಟ್ಟಿಯ ಹತ್ತಿರ ಇದ್ದಳು. ಅವ್ವ ಥಟ್ಟನೆ ಕೈ ಚಾಚಿ ಹುಡುಗಿಯ ರಟ್ಟೆ ಹಿಡಿದಳು.

“ಖಾಲಿ ಬಸ್, ಬಾಳಾ. ಪಡಶೀಲ.”

ಕೆಳಗೆ ಕೂಡು ಮಗಾ, ಬಿದ್ದೀಯ. ಎಷ್ಟೋ ವರ್ಷದಿಂದ ಆಡುತ್ತ ಬಂದವಳ ಮಾತಿನ ಹಾಗೆ, ಸಲೀಸಾಗಿ. ಹುಡುಗಿ ಕೂತಿತು. ಅವ್ವನ ಕೈ ಅದರ ರಟ್ಟೆಯ ಮೇಲೆ ಹಾಗೇ ನಿಂತಿತು. ಆಮೇಲೆ ಅವಳು ತಲೆ ಎತ್ತಿ ನನ್ನ ಕಡೆ ನೋಡಿದಳು. ನನಗೆ ಬೇರೆ ಕಡೆ ನೋಡಲಾಗಲಿಲ್ಲ. ಸಂಕ್ರಾಂತಿಯ ದಿನ ಅವಳು ಅಕ್ಕಾತಾಯಿಯ ಕಾಲಿನಿಂದ ಹಣೆ ಎತ್ತದೆ ಬಿದ್ದುಕೊಂಡದ್ದು ಯಾಕೆ ಎಂಬುದು ಅಲ್ಲಿ, ಆ ಬಸ್ಸುಗಳ ಗದ್ದಲದಲ್ಲಿ, ನನಗೆ ತಿಳಿಯಿತು. ಆ ಹೊತ್ತಿಗಾಗಲೇ ಅವಳಿಗೆ ಗೊತ್ತಿತ್ತು. ಗೊತ್ತಾದ ಮೇಲೂ ಅವಳು ನನಗೆ ಬಿಸಿರೊಟ್ಟಿ ಹಾಕಿದ್ದಳು, ತಲೆ ಬಾಚಿದ್ದಳು, ಮದುವೆಯಲ್ಲಿ ನನ್ನನ್ನು ಅಪ್ಪಿಕೊಂಡು ಅತ್ತಿದ್ದಳು. ನನ್ನ ಬದಲಿಗೆ ತಾನು ಹೋಗಿ ಕ್ಷಮೆ ಕೇಳಿ ಬಂದಿದ್ದಳು. ನಾನು ಏನಾದರೂ ಹೇಳಬೇಕಿತ್ತು. ನಿಂತಲ್ಲೇ ನಿಂತಿದ್ದೆ.

ಅವ್ವ ಪಕ್ಕದ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

“ಎಷ್ಟ ದಿನ ನಿಂದರ್ತಿ ಹಂಗ,” ಅಂದಳು. “ಕೂಡು ಬಾ.”

ನಾನು ಏನಂದಿ ಎಂದು ಕೇಳಲಿಲ್ಲ. ಹೋಗಿ ಅವಳ ಪಕ್ಕದಲ್ಲಿ ಕೂತೆ.